ಸಹಾಯ ಬೇಕು: ಸ್ವೆಟರ್ ಬಣ್ಣ ಬದಲಾದರೆ ಯೂನಿಫಾರ್ಮ್ ಬದಲಾದ ಹಾಗೇನಾ?

ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿ ಹತ್ತಿರದವರು. ಮಗಳು ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸ್. ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು: ನೀಲಿ ಸ್ವೆಟರ್ ಬೇಡ, ಇನ್ನು ಮೆರೂನ್, ಶಾಲೆಯ ಲೋಗೋ ಇರಲೇಬೇಕು.

ಬೇರೆ ಊರಲ್ಲಿ ಸ್ವೆಟರ್ ಡಿಸೆಂಬರಿಗೆ. ನಮಗೆ ಮಳೆಗಾಲದಲ್ಲೇ ಜಾಸ್ತಿ ಬೇಕು. ಒಮ್ಮೆ ನೆನೆದರೆ ಮುಗಿಯಿತು. ಒಲೆ ಮೇಲಿನ ಹಗ್ಗಕ್ಕೆ ಹಾಕಿದರೂ ತೋಳಿನ ಹೊಲಿಗೆ ಹತ್ತಿರ ತಣ್ಣಗೇ ಇರುತ್ತದೆ, ಹೊಗೆ ವಾಸನೆ ಬೇರೆ. ಹಾಗಾಗಿ ಒಂದು ಸಾಲದು, ಎರಡು ಕೊಳ್ಳಬೇಕು. ಹಳೆಯವೆರಡೂ ಇನ್ನೂ ಗಟ್ಟಿಯಾಗಿವೆ!

ಕ್ಲಾಸ್ ಟೀಚರನ್ನು ಕೇಳಿದೆ, ಪಾಪ, ಅವರ ಕೈಯಲ್ಲಿ ಏನೂ ಇಲ್ಲ. ಆಫೀಸಿನಲ್ಲಿ "ಆಡಳಿತ ಮಂಡಳಿ ತೀರ್ಮಾನ" ಎಂದರು. ಗಮ್‌ಬೂಟ್‌ನಲ್ಲಿ ಬಂದು ಒಳಗೆ ಶೂ ಹಾಕಿಕೊಳ್ಳಲು ಮಾತ್ರ ಒಪ್ಪಿದರು. ಹಳೆಯದಕ್ಕೆ ಬಣ್ಣ ಹಾಕಿಸೋಣ ಅಂದರೆ ಗಾಢ ನೀಲಿ ಮೇಲೆ ಮೆರೂನ್ ಕೂರುವುದಿಲ್ಲ.

ರಾಜ್ಯದ ಶಿಕ್ಷಣ ಸಂಸ್ಥೆಗಳ 1995ರ ನಿಯಮಗಳಲ್ಲಿ 11ನೇ ನಿಯಮ ಓದಿದೆ. ಒಮ್ಮೆ ನಿಗದಿ ಮಾಡಿದ ಸಮವಸ್ತ್ರವನ್ನು 5 ವರ್ಷ ಬದಲಿಸಬಾರದು, ಬದಲಿಸುವುದಾದರೆ ಪೋಷಕರಿಗೆ 1 ವರ್ಷ ಮೊದಲೇ ನೋಟಿಸ್ ಕೊಡಬೇಕು ಎಂದಿದೆ. ಶಾಲೆಯವರ ವಾದವೇ ಬೇರೆ: ಅಂಗಿ, ಸ್ಕರ್ಟ್ ಹಾಗೇ ಇವೆ, ಸ್ವೆಟರ್ ಸಮವಸ್ತ್ರವೇ ಅಲ್ಲ. ಅಲ್ಲದಿದ್ದರೆ ಇದೇ ಬಣ್ಣ ಅಂತ ಹಠ ಯಾಕೆ ಅಲ್ವಾ?

ಸ್ವೆಟರ್ ಈ ನಿಯಮದೊಳಗೆ ಬರುತ್ತದೆಯೇ? ಯಾರಾದರೂ ಇಂಥ ವಿಷಯಕ್ಕೆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಅರ್ಜಿ ಕೊಟ್ಟಿದ್ದರೆ, ಜೊತೆಗೆ ಏನೇನು ಲಗತ್ತಿಸಿದಿರಿ?