ಬ್ಲಾಕರ್ ಸತ್ತ ಮೇಲೂ ಬ್ಲಾಕ್ ಆದ ಹಾಗೇನಾ? ಆಡಿ ಗೊತ್ತಿದ್ದವರು ಹೇಳ್ರೀ

ಕೇಳಿದವರು, ಬೆಳಗಾವಿಯಿಂದ:

ನಮಸ್ಕಾರ್ರೀ. ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ ಎರಡು ತಿಂಗಳಿಂದ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಕಾರ್ಡ್ ಆಟ ಆಡುತ್ತಿದ್ದೇವೆ. ನಿನ್ನೆ ದೊಡ್ಡ ಜಗಳ ಆಯಿತು. ನನ್ನ 5/5 ಕ್ರೀಚರ್‌ನಿಂದ (ಕಾದಾಡುವ ಜೀವಿಯ ಕಾರ್ಡ್; ಮೊದಲ ಅಂಕಿ ಅದು ಕೊಡುವ ಪೆಟ್ಟು, ಎರಡನೆಯದು ಅದನ್ನು ಕೊಲ್ಲಲು ಬೇಕಾದ ಪೆಟ್ಟು) ಅಟ್ಯಾಕ್ ಮಾಡಿದೆ. ಗೆಳೆಯ 2/2 ಒಂದನ್ನು ಅಡ್ಡ ನಿಲ್ಲಿಸಿ ಬ್ಲಾಕ್ ಮಾಡಿದ. ನಾನು ತಕ್ಷಣ ಇನ್‌ಸ್ಟಂಟ್ (ಕಾದಾಟದ ನಡುವೆಯೂ ಹಾಕಬಹುದಾದ ಕಾರ್ಡ್) ಹಾಕಿ ಅದನ್ನು ಕೊಂದೆ. ಈಗ ದಾರಿ ಖಾಲಿ, 5 ಡ್ಯಾಮೇಜ್ ನಿನಗೇ ಅಂದೆ. ಅವನು ಒಪ್ಪಲಿಲ್ಲ, "ಬ್ಲಾಕ್ ಆಗಿದೆ" ಅಂತ ಒಂದೇ ಹಟ. ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಕಾರ್ಡ್ ಮೇಲಿನ ಪದಗಳ ಅರ್ಥ ಗೊತ್ತಾಗುತ್ತೆ, ಆದರೆ ಆಟದಲ್ಲಿ ಏನಾಗುತ್ತೆ ಅನ್ನೋದು ಗೊತ್ತಾಗಲ್ಲ. ನೀವೆಲ್ಲ ಹೇಗೆ ಕಲಿತಿರಿ?

ಬಾಗಲಕೋಟೆ ನವನಗರದಿಂದ:

ತಮ್ಮಾ, ನಿನ್ನ ಗೆಳೆಯ ಹೇಳಿದ್ದೇ ಸರಿ. ಬೇಜಾರು ಮಾಡ್ಕೋಬೇಡ, ಇದೇ ಮಾತಿಗೆ ನಾನೂ ಒಂದು ಸಂಜೆಯಿಡೀ ವಾದ ಮಾಡಿ ಸೋತವನು. ಒಮ್ಮೆ ಬ್ಲಾಕ್ ಆಯಿತು ಅಂದರೆ ಆ ಕಾದಾಟ ಮುಗಿಯುವವರೆಗೂ ಬ್ಲಾಕ್ ಆದದ್ದೇ. ಅಡ್ಡ ನಿಂತದ್ದು ಸತ್ತರೂ ಅಷ್ಟೆ, ವಾಪಸ್ ಕೈಗೆ ಹೋದರೂ ಅಷ್ಟೆ. ಜಾತ್ರೆ ಕುಸ್ತಿ ನೋಡಿರುತ್ತೀಯಲ್ಲ? ಜೋಡಿ ಕಣಕ್ಕೆ ಇಳಿದ ಮೇಲೆ ಎದುರಿನವನು ಕಾಲು ಉಳುಕಿ ಹೊರಗೆ ಹೋದ ಅಂತ ನೀನು ಪಂಚರನ್ನು ಎತ್ತಿ ಒಗೆಯೋಕಾಗುತ್ತಾ? ಟ್ರ್ಯಾಂಪಲ್ (ಬ್ಲಾಕರ್ ಕೊಲ್ಲಲು ಬೇಕಾದ್ದು ಬಿಟ್ಟು ಉಳಿದ ಪೆಟ್ಟನ್ನು ಆಟಗಾರನಿಗೆ ದಾಟಿಸುವ ಗುಣ) ಇದ್ದರೆ ಮಾತ್ರ ಬೇರೆ. ಆಗ ಐದಕ್ಕೆ ಐದೂ ಆಟಗಾರನಿಗೇ ಬೀಳುತ್ತೆ.

ನನಗೆ ತಲೆಗೆ ಹೋಗಿದ್ದು ಒಂದು ನೋಟ್‌ಬುಕ್ ಹಾಳೆಯಿಂದ. ಅದರಲ್ಲಿ ಐದು ಮನೆ ಗೀಚಿದೆ, ಚೌಕಾಬಾರದ ಹಾಗೆ. ಕಾದಾಟದ ಶುರು, ಅಟ್ಯಾಕ್ ಮಾಡುವವರನ್ನು ಹೇಳುವುದು, ಬ್ಲಾಕ್ ಮಾಡುವವರನ್ನು ಹೇಳುವುದು, ಡ್ಯಾಮೇಜ್, ಕಾದಾಟದ ಕೊನೆ. ಒಂದು ಹುಣಸೆ ಬೀಜ ಇಟ್ಟು ಮನೆಯಿಂದ ಮನೆಗೆ ನಡೆಸುತ್ತಿದ್ದೆವು. ಯಾರಾದರೂ ಕಾರ್ಡ್ ಹಾಕಿದರೆ ಮೊದಲು ಬೀಜ ಎಲ್ಲಿದೆ ನೋಡುವುದು. ಬೀಜ ಹಿಂದಕ್ಕೆ ಬರಲ್ಲ, ಅದೊಂದೇ ಕಟ್ಟು.

ಹೀಗೆ ಆಡಿದರೆ ಅರ್ಧ ಜಗಳ ತಾನೇ ನಿಲ್ಲುತ್ತೆ. ಎದುರಿನವನ ಕ್ರೀಚರ್ ಅಟ್ಯಾಕ್ ಮಾಡದ ಹಾಗೆ ಟ್ಯಾಪ್ ಮಾಡಬೇಕಾ, ಅಂದರೆ ಕಾರ್ಡನ್ನು ಅಡ್ಡ ತಿರುಗಿಸಬೇಕಾ? ಬೀಜ ಮೊದಲನೇ ಮನೆಯಲ್ಲಿ ಇರುವಾಗಲೇ ಮಾಡು. ಎರಡನೆಯದಕ್ಕೆ ಹೋದ ಮೇಲೆ ಟ್ಯಾಪ್ ಮಾಡಿದರೆ ಏನೂ ಆಗಲ್ಲ. ಅಟ್ಯಾಕ್ ಮಾಡುವ ಕ್ರೀಚರ್ ಹೇಗಿದ್ದರೂ ಟ್ಯಾಪ್ ಆಗಿಯೇ ಹೊಡೆಯುತ್ತೆ, ವಿಜಿಲೆನ್ಸ್ ಇರುವುದನ್ನು ಬಿಟ್ಟು. ನಿನ್ನ ಕ್ರೀಚರ್‌ಗೆ ಫ್ಲೈಯಿಂಗ್ (ಹಾರುವ ಗುಣ, ಹಾರದವು ಸಾಮಾನ್ಯವಾಗಿ ಅದನ್ನು ಬ್ಲಾಕ್ ಮಾಡಲಾರವು) ಕೊಡುವುದೂ ಹಾಗೇ. ಬ್ಲಾಕ್ ಹೇಳುವ ಮೊದಲು ಕೊಟ್ಟರೆ ಲಾಭ. ಹೇಳಿದ ಮೇಲೆ ಕೊಟ್ಟರೆ ಸುಮ್ನೆ ಒಂದು ಕಾರ್ಡ್ ದಂಡ. ನಾನು ಇದನ್ನು ಎಷ್ಟು ಸಲ ಮಾಡಿದ್ದೇನೆ ಅಂತ ಕೇಳಬೇಡ.

ವಿಜಯಪುರದಿಂದ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು:

ಮಗನ ಜೊತೆ ಕೂತು ಕಲಿತೆ. ನಿಮ್ಮ ತೊಡಕು ಪದದಲ್ಲಿ ಇಲ್ಲಪ್ಪಾ, ಪದದ ಬಾಲದಲ್ಲಿ ಇದೆ. "ಅಟ್ಯಾಕ್ಸ್" ಬೇರೆ, "ಅಟ್ಯಾಕಿಂಗ್" ಬೇರೆ. ಮದುವೆ ಆಗುವುದು ಬೇರೆ, ಮದುವೆ ಆಗಿರುವುದು ಬೇರೆ, ಅಲ್ವಾ? ಆಯೇರಿ ಬರುವುದು ಆದ ದಿನ, ದಿನಾ ಅಲ್ಲ. "ವೆನೆವರ್ ದಿಸ್ ಕ್ರೀಚರ್ ಅಟ್ಯಾಕ್ಸ್" ಅಂತ ಬರೆದಿದ್ದರೆ, ಎರಡನೇ ಮನೆಯಲ್ಲಿ ಅದರ ಹೆಸರು ಹೇಳಿದ ಆ ಒಂದು ಗಳಿಗೆಗೆ ಮಾತ್ರ ಅದು ನಡೆಯುತ್ತೆ. ಬೇರೆ ಕಾರ್ಡಿನ ದಯೆಯಿಂದ ನಡುವೆಯೇ ಅಟ್ಯಾಕ್ ಮಾಡುತ್ತಾ ಬಂದು ನಿಂತ ಕ್ರೀಚರ್‌ಗೆ ಆ ಆಯೇರಿ ಸಿಗಲ್ಲ. ಅದು "ಅಟ್ಯಾಕಿಂಗ್" ಹೌದು, "ಅಟ್ಯಾಕ್" ಮಾಡಲಿಲ್ಲ.

ನಿಮ್ಮ ಜಗಳದ ಪದವೂ ಇಂಥದ್ದೇ. "ಬ್ಲಾಕ್ಡ್" ಅನ್ನುವುದು ಆಗಿ ಹೋದ ಮಾತು. ಬ್ಲಾಕ್ ಮಾಡಿದವನು ಈಗ ಇದ್ದಾನೋ ಇಲ್ಲವೋ ಅಂತ ಆ ಪದ ಕೇಳುವುದೇ ಇಲ್ಲ.

ಇನ್ನೊಂದು ಮೋಸದ ಪದ "ಫೈಟ್". ಇಂಗ್ಲಿಷ್ ಬಲ್ಲವರೇ ಅಲ್ಲಿ ಜಾಸ್ತಿ ಬೀಳುತ್ತಾರೆ. ಎರಡು ಕ್ರೀಚರ್ ಫೈಟ್ ಮಾಡಿದರೆ ತಮ್ಮ ತಮ್ಮ ಶಕ್ತಿಯಷ್ಟು ಡ್ಯಾಮೇಜ್ ಒಂದಕ್ಕೊಂದು ಕೊಡುತ್ತವೆ ನಿಜ. ಆದರೆ ಅದು ಕಂಬ್ಯಾಟ್ ಡ್ಯಾಮೇಜ್ (ಅಟ್ಯಾಕ್, ಬ್ಲಾಕ್ ಮಾಡುವ ಕಾದಾಟದ ಪೆಟ್ಟು) ಅಲ್ಲ. ಅಲ್ಲಿ ಫಸ್ಟ್ ಸ್ಟ್ರೈಕ್ (ಮೊದಲೇ ಹೊಡೆಯುವ ಗುಣ) ಉಪಯೋಗಕ್ಕೆ ಬರಲ್ಲ, ಟ್ರ್ಯಾಂಪಲ್ ಕೂಡ ಇಲ್ಲ. ಆದರೆ ಡೆತ್‌ಟಚ್ (ಎಷ್ಟೇ ಸಣ್ಣ ಪೆಟ್ಟು ಬಿದ್ದರೂ ಎದುರಿನ ಕ್ರೀಚರ್ ಸಾಯುವ ಗುಣ) ನಡೆಯುತ್ತೆ.

ಬೆಳಗಾವಿ ಟಿಳಕವಾಡಿಯಿಂದ:

ಹಾಳೆ, ಹುಣಸೆ ಬೀಜ ಎಲ್ಲ ಚಂದ ಇದೆ ಅಣ್ಣಾ. ಆದರೆ ನಾಲ್ಕನೇ ಮನೆ ಕೆಲವೊಮ್ಮೆ ಎರಡು ಆಗುತ್ತೆ, ಅದನ್ನು ಬಿಟ್ಟಿರಿ. ಫಸ್ಟ್ ಸ್ಟ್ರೈಕ್ ಅಥವಾ ಡಬಲ್ ಸ್ಟ್ರೈಕ್ (ಎರಡೂ ಸುತ್ತಿನಲ್ಲಿ ಹೊಡೆಯುವ ಗುಣ) ಇರುವುದು ಒಂದೇ ಒಂದು ಕಾದಾಟದಲ್ಲಿದ್ದರೂ ಡ್ಯಾಮೇಜ್ ಎರಡು ಸುತ್ತು. ಫಸ್ಟ್ ಸ್ಟ್ರೈಕ್ ಇರುವ 2/1, ಏನೂ ಇಲ್ಲದ 3/2ನ್ನು ಮೊದಲ ಸುತ್ತಿನಲ್ಲೇ ಮುಗಿಸಿ ಪೆಟ್ಟು ತಿನ್ನದೆ ಉಳಿಯುತ್ತೆ.

ಹುಡುಗರಿಗೆ ನಾನು ಹೇಳುವುದು ಒಂದೇ: ಹಳೆಯ ಬರಹ ಓದುವಾಗ ತಾರೀಖು ನೋಡಿ. ಈ ಆಟ 1993ರದ್ದು, ನಿಯಮ ನಡುನಡುವೆ ಬದಲಾಗಿದೆ. 2009ರವರೆಗೆ ಡ್ಯಾಮೇಜ್ ಲೆಕ್ಕ ಹಾಕಿಟ್ಟ ಮೇಲೂ, ಅದು ಬೀಳುವ ಮೊದಲು, ಕಾರ್ಡ್ ಹಾಕಬಹುದಿತ್ತು. ಈಗ ಇಲ್ಲ. ಒಂದಕ್ಕಿಂತ ಹೆಚ್ಚು ಬ್ಲಾಕರ್ ಇದ್ದರೆ ಯಾರು ಮೊದಲು, ಯಾರು ಆಮೇಲೆ ಅಂತ ಸಾಲು ಹಚ್ಚಬೇಕಿತ್ತು. ಅದೂ 2024ರ ನವೆಂಬರ್‌ನಲ್ಲಿ ಬಂದ ಫೌಂಡೇಶನ್ಸ್ ಅನ್ನೋ ಕಾರ್ಡ್ ಸೆಟ್ ಜೊತೆ ಹೋಯಿತು. ಈಗ ಡ್ಯಾಮೇಜ್ ಕೊಡುವ ಹೊತ್ತಿಗೆ ಅಟ್ಯಾಕ್ ಮಾಡಿದವನು ಬೇಕಾದ ಹಾಗೆ ಹಂಚಬಹುದು. ನಾನು ಹಳೇ ರೂಢಿಯಲ್ಲೇ ಸಾಲು ಹಚ್ಚಲು ಹೋಗಿ ಒಬ್ಬ ಪಿಯುಸಿ ಹುಡುಗನ ಕೈಯಲ್ಲಿ ಪಾಠ ಹೇಳಿಸಿಕೊಂಡೆ.

ಪೂರ್ತಿ ನಿಯಮದ ಪುಸ್ತಕ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಎಲ್ಲ ಓದಬೇಡಿ, ತಲೆ ಕೆಡುತ್ತೆ. ಕಾದಾಟ ಇರುವುದು 506ರಿಂದ 511ನೇ ನಿಯಮದವರೆಗೆ. ಬ್ಲಾಕ್ ಜಗಳಕ್ಕೆ 509 ತೆಗೆಯಿರಿ.

ಕೇಳಿದವರು, ಮತ್ತೆ:

509 ತೋರಿಸಿ ಗೆಳೆಯನಿಗೆ ಚಹಾ ಕುಡಿಸಿದೆ. ಹಾಳೆಯೂ ಗೀಚಿದ್ದೇವೆ, ಹುಣಸೆ ಬೀಜ ಸಿಗಲಿಲ್ಲ ಅಂತ ಬಾಟಲಿ ಮುಚ್ಚಳ ಇಟ್ಟಿದ್ದೇವೆ. ಆದರೆ ಇವತ್ತು ಇನ್ನೊಂದು ಬಂತು ನೋಡ್ರೀ. ಅವನ 5/5ಕ್ಕೆ ಟ್ರ್ಯಾಂಪಲ್, ಡೆತ್‌ಟಚ್ ಎರಡೂ ಇವೆ. ನನ್ನ 2/2 ಅಡ್ಡ ನಿಂತಿತು. ಅದಕ್ಕೆ 2, ನನಗೆ 3 ಅಂತ ನನ್ನ ಲೆಕ್ಕ. ಅವನು ನನಗೆ 4 ಅನ್ನುತ್ತಿದ್ದಾನೆ.

ಬಾಗಲಕೋಟೆ ನವನಗರದಿಂದ:

ಡೆತ್‌ಟಚ್ ಇದ್ದರೆ ಕೊಲ್ಲಲು 1 ಸಾಕು ತಮ್ಮಾ, ಉಳಿದ 4 ನಿನಗೇ. ಮತ್ತೊಂದು ಚಹಾ ಹೇಳು.