ಮಿನಿ ಪಿಸಿ ರೂಟರ್: ಪೋರ್ಟ್ ಹೆಸರು ತಾನೇ ಬದಲಾಗಿದೆ, ನೆಟ್ ಇಲ್ಲ

ಮೂಡಿಗೆರೆ_ಮಳೆ:
ತಲೆ ಕೆಟ್ಟು ಹೋಗಿದೆ. ಮಿನಿ ಪಿಸಿಗೆ ಲಿನಕ್ಸ್ ಹಾಕಿ ಮನೆಗೆ ರೂಟರ್ ಮಾಡಿಕೊಂಡಿದ್ದೆ. ಇಎನ್‌ಪಿ2ಎಸ್0 ಪೋರ್ಟ್ ಫೈಬರ್‌ಗೆ, ಇಎನ್‌ಪಿ3ಎಸ್0 ಮನೆಯ ಸ್ವಿಚ್ಚಿಗೆ, ಜೊತೆಗೊಂದು 4ಜಿ ಡಾಂಗಲ್. ಈಗ ನೋಡಿದರೆ 2 ಮಾಯ, 3 ಮತ್ತು 4 ಬಂದು ಕೂತಿವೆ. ಸೆಟ್ಟಿಂಗ್ ಏನೂ ಮುಟ್ಟಿಲ್ಲ.

ಹಾಸನ_ಟಕ್ಸ್:
ಸಿಂಪಲ್. ಬೂಟ್ ಲೋಡರ್ ಗ್ರಬ್‌ನಲ್ಲಿ ನೆಟ್.ಇಫ್‌ನೇಮ್ಸ್=0 ಹಾಕಿ. ಇಟಿಎಚ್0, ಇಟಿಎಚ್1 ಅನ್ನೋ ಹಳೇ ಹೆಸರುಗಳು ವಾಪಸ್ ಬರುತ್ತವೆ. 2013ರಲ್ಲಿ, ಲಿನಕ್ಸಿನಲ್ಲಿ ಬೂಟ್, ಸರ್ವಿಸ್ ಎಲ್ಲ ನೋಡಿಕೊಳ್ಳುವ ಸಿಸ್ಟಮ್‌ಡಿ 197ನೇ ಆವೃತ್ತಿ ಬಂದಾಗಿನಿಂದ ಈ ಉದ್ದುದ್ದ ಹೆಸರಿನ ಕಾಟ.

ಬೇಲೂರು_ಬ್ಯಾಷ್:
ಇವರದ್ದು ಎರಡು ಪೋರ್ಟ್ ಗುರು. ಬೂಟ್ ಆಗುವಾಗ ಯಾವುದು ಮೊದಲು ಸಿಕ್ಕಿತೋ ಅದೇ ಇಟಿಎಚ್0. ನಾಳೆ ಅದಲು ಬದಲಾದರೆ? ಮಳೆಯವರೇ, ಒಳಗೆ ಹೊಸದಾಗಿ ಏನಾದರೂ ಹಾಕಿದ್ರಾ?

ಮೂಡಿಗೆರೆ_ಮಳೆ:
ನೆಟ್‌ವರ್ಕಿಗೆ ಸಂಬಂಧಪಟ್ಟಿದ್ದು ಏನೂ ಇಲ್ಲ. ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಡಿಸ್ಕ್ ಹಾಕಿದೆ, ಅಷ್ಟೇ.

ಬೇಲೂರು_ಬ್ಯಾಷ್:
ಅದೇ ಮಾರಾಯ್ರೆ! ಪಿ2 ಅಂದರೆ ಪಿಸಿಐ ಬಸ್ (ಬೋರ್ಡಿನಲ್ಲಿ ಕಾರ್ಡುಗಳು ಸೇರುವ ದಾರಿ) ನಂಬರ್. ಎಸ್‌ಎಸ್‌ಡಿ ಹೋಗಿ ಅಲ್ಲಿ ಕೂತಿತು, ಪೋರ್ಟುಗಳು ಒಂದೊಂದು ಮುಂದೆ ಸರಿದವು. ಮೊದಲು ಫೈಬರ್ ವೈರ್ ಕಿತ್ತಿಡಿ. ಫೈರ್‌ವಾಲಿನಲ್ಲಿ ಇಎನ್‌ಪಿ3ಎಸ್0 ಅಂದರೆ ಮನೆ, ಎಲ್ಲ ಬಿಡು ಅಂತ ಬರೆದಿರುತ್ತೀರಿ, ಅಲ್ವಾ? ಆ ಹೆಸರು ಈಗ ಫೈಬರ್‌ನದ್ದು. ನಿಮ್ಮ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಹೊರಗಿನವರಿಗೆ ತೆರೆದಿರಬಹುದು.

ಆಮೇಲೆ ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಒಳಗೆ ಪೋರ್ಟಿಗೊಂದು ಡಾಟ್ ಲಿಂಕ್ ಫೈಲ್ ಮಾಡಿ. ಮ್ಯಾಚ್ ಕೆಳಗೆ ಪರ್ಮನೆಂಟ್ ಮ್ಯಾಕ್ ಅಡ್ರೆಸ್ (ಪೋರ್ಟಿಗೆ ಕಂಪನಿಯೇ ಕೊಟ್ಟ ನಂಬರ್), ಲಿಂಕ್ ಕೆಳಗೆ ಹೆಸರು. ಫೈಲ್ ಹೆಸರು 10ರಿಂದ ಶುರುವಾಗಲಿ, 99-ಡೀಫಾಲ್ಟ್‌ಗಿಂತ ಮೊದಲು ಓದಬೇಕಲ್ಲ. ಹೊರಗಿನ ಲೈನಿಗೆ ವ್ಯಾನ್0, ಮನೆ ಕಡೆಗೆ ಲ್ಯಾನ್0 ಸಾಕು. ಇಟಿಎಚ್0 ಅಂತ ಮಾತ್ರ ಇಡಬೇಡಿ, ಕರ್ನಲ್ ಹಂಚುವುದೂ ಅದೇ ಹೆಸರು, ಎರಡೂ ಗುದ್ದಾಡುತ್ತವೆ.

ಸಕಲೇಶಪುರ_ಸರ್ವರ್:
ವ್ಯಾನ್0 ಬೋರು. ನಮ್ಮ ತೋಟದ ಮನೆಯಲ್ಲಿ ಮೂರು ಲೈನ್ ಇದೆ, ರ‍್ಯಾಕ್ ಸಮೇತ. ಎಲ್ಲಕ್ಕೂ ಊರಿನ ಹೆಸರು.

ಬೇಲೂರು_ಬ್ಯಾಷ್:
ಸಾಧನದ ಹೆಸರಿಗೆ 15 ಅಕ್ಷರ ಮಿತಿ. ಚಿಕ್ಕಮಗಳೂರು ಇಂಗ್ಲಿಷಿನಲ್ಲೇ 14. ಅದರ ಮುಂದೆ .20 ಅಂತ ವಿಲ್ಯಾನ್ (ಅದೇ ವೈರಿನಲ್ಲಿ ಇನ್ನೊಂದು ನೆಟ್‌ವರ್ಕ್) ನಂಬರ್ ಸೇರಿಸಿ ನೋಡೋಣ! ಅಷ್ಟು ಆಸೆ ಇದ್ದರೆ ನೆಟ್‌ವರ್ಕ್ ಮ್ಯಾನೇಜರ್‌ನ ಕನೆಕ್ಷನ್‌ಗೆ ಇಡಿ. ಅಲ್ಲಿ ಸ್ಪೇಸ್ ಇದ್ದರೂ, ಕನ್ನಡದಲ್ಲಿ ಬರೆದರೂ ನಡೆಯುತ್ತದೆ.

ಹಾಸನ_ಟಕ್ಸ್:
ಇಷ್ಟೆಲ್ಲ ಯಾಕೆ? ಇಫ್‌ನೇಮ್ಸ್ ಸೊನ್ನೆ ಮಾಡಿದ್ದರೆ ಆಗಲೇ ಮುಗಿಯುತ್ತಿತ್ತು. ನನ್ನ ಮಷೀನ್ ವರ್ಷಗಟ್ಟಲೆ ಹಾಗೇ ಓಡುತ್ತಿದೆ.

ಬೇಲೂರು_ಬ್ಯಾಷ್:
ಅದರಲ್ಲಿ ಪೋರ್ಟ್ ಎಷ್ಟು?

ಹಾಸನ_ಟಕ್ಸ್:
ಒಂದು. ಅದು ಬೇರೆ ಮಾತು.

ಮೂಡಿಗೆರೆ_ಮಳೆ:
ಜಗಳ ಆಮೇಲೆ ಆಡಿ ಸರ್. ಫೈಲ್ ಮಾಡಿ ರೀಬೂಟ್ ಕೊಟ್ಟೆ, ಹಳೇ ಹೆಸರೇ ಬರುತ್ತಿದೆ.

ಬೇಲೂರು_ಬ್ಯಾಷ್:
ಯಾವ ಡಿಸ್ಟ್ರೋ (ಲಿನಕ್ಸಿನ ಯಾವ ಬಗೆ) ಅಂತ ನೀವು ಇನ್ನೂ ಹೇಳಿಲ್ಲ. ಡೆಬಿಯನ್ ಅಥವಾ ಉಬುಂಟು ಆದರೆ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು ಕೊಟ್ಟು ರೀಬೂಟ್ ಮಾಡಿ. ಬೂಟಿನ ಶುರುವಿನಲ್ಲಿ ಓಡುವ ಪುಟ್ಟ ಸಿಸ್ಟಮ್ಮೇ (ಇನಿಟ್‌ರ‍್ಯಾಮ್‌ಎಫ್‌ಎಸ್) ಹೆಸರಿಡುತ್ತದೆ, ಆ ಫೈಲ್ ಅದರೊಳಕ್ಕೂ ಹೋಗಬೇಕು.

ಮೂಡಿಗೆರೆ_ಮಳೆ:
ಡೆಬಿಯನ್ನೇ. ಎರಡೂ ಪೋರ್ಟ್ ಸರಿಯಾದವು, ಥ್ಯಾಂಕ್ಸ್. ಡಾಂಗಲ್ ಮಾತ್ರ ಸಿಕ್ಕಿಸಿದಾಗಲೆಲ್ಲ ಹೊಸ ಮ್ಯಾಕ್ ತೋರಿಸುತ್ತಿದೆ.

ಬೇಲೂರು_ಬ್ಯಾಷ್:
ಅದಕ್ಕೆ ಮ್ಯಾಕ್ ಬಿಟ್ಟು ಪಾತ್ (ಯಾವ ಪೋರ್ಟಿನಲ್ಲಿದೆ ಅನ್ನುವ ವಿಳಾಸ) ಕೊಡಿ. ಆದರೆ ಡಾಂಗಲ್ ಯಾವಾಗಲೂ ಅದೇ ಯುಎಸ್‌ಬಿ ಪೋರ್ಟಿನಲ್ಲಿರಬೇಕು. ಯಾವ ಮಾಡೆಲ್ ಅದು?

ಸಕಲೇಶಪುರ_ಸರ್ವರ್:
ಡಾಂಗಲ್ ಎಲ್ಲ ಸುಮ್ನೆ. ನಾನು ಮಾಡಿನ ಮೇಲೆ ಆಂಟೆನಾ ನಿಲ್ಲಿಸಿದ್ದೇನೆ, ಜಡಿಮಳೆಯಲ್ಲೂ ಸಿಗ್ನಲ್ ಫುಲ್ಲು. ಫೋಟೋ ಹಾಕಲಾ?