ಪಿ ಸಿಸ್ಟಮ್: ನನ್ನ 50 ಬ್ಯಾಕ್ಟೀರಿಯಾ ಒಟ್ಟಿಗೇ ದೀಪ ಹಚ್ಚುತ್ತವೆ, ತಪ್ಪೆಲ್ಲಿ?

ಅರೆಬೆಂದ ಕೋಡರ್:
ನಾನು ಓದಿದ್ದು ಮೈಕ್ರೋಬಯಾಲಜಿ. ಕೋಡ್ ಬರೆಯಲು ಕಲಿತು ಇನ್ನೂ ವರ್ಷ ಆಗಿಲ್ಲ. ವಿಬ್ರಿಯೋ ಫಿಶೆರಿ ಬ್ಯಾಕ್ಟೀರಿಯಾ ಗುಂಪು ದಟ್ಟವಾದಾಗ ಬೆಳಕು ಬೀರುತ್ತದಲ್ಲ, ಆ ಕೋರಂ ಸೆನ್ಸಿಂಗನ್ನು ಪಿ ಸಿಸ್ಟಮ್‌ನಲ್ಲಿ, ಅಂದರೆ ಪೊರೆಗಳೊಳಗೆ ವಸ್ತುಗಳನ್ನೂ ಅವನ್ನು ಬದಲಿಸುವ ನಿಯಮಗಳನ್ನೂ ಇಟ್ಟು ಓಡಿಸುವ ಲೆಕ್ಕದ ಮಾದರಿಯಲ್ಲಿ, ಕಟ್ಟುತ್ತಿದ್ದೇನೆ. ಹೊರಗೊಂದು ದೊಡ್ಡ ಪೊರೆ, ಅದೇ ಪರಿಸರ. ಒಳಗೆ 50 ಸಣ್ಣ ಪೊರೆ, ಒಂದೊಂದೂ ಒಂದು ಕೋಶ. ಲಕ್ಸ್‌ಐ ಪ್ರೋಟೀನು ಎಎಚ್‌ಎಲ್ ಅನ್ನುವ ಸಂಕೇತದ ಅಣು ತಯಾರಿಸುತ್ತದೆ. ಅದು ಪೊರೆ ದಾಟಿ ಹೋಗುತ್ತದೆ, ಬರುತ್ತದೆ. ಲಕ್ಸ್‌ಆರ್ ಅನ್ನುವ ಇನ್ನೊಂದು ಪ್ರೋಟೀನಿನ ಜೊತೆ ಅದು ಕೂಡಿದರೆ ಒಂದು ಜೋಡಿ, ಅಂಥ ಎರಡು ಜೋಡಿ ಒಂದಾದರೆ ಬೆಳಕಿನ ಜೀನ್ ಆನ್.

ಪ್ರತಿ ಹೆಜ್ಜೆಯಲ್ಲೂ ಓಡಬಹುದಾದ ನಿಯಮವನ್ನೆಲ್ಲ ಓಡಿಸಬೇಕು ಅಂತ ಓದಿದ್ದೆ, ಹಾಗೇ ಮಾಡಿದೆ. 14ನೇ ಹೆಜ್ಜೆಗೆ 50 ಕೋಶವೂ ಒಟ್ಟಿಗೆ ಆನ್! ಹತ್ತು ಸಲ ಓಡಿಸಿದರೂ ಹೆಚ್ಚು ಕಡಿಮೆ ಅದೇ. ಮೈಕ್ರೋಸ್ಕೋಪಿನಲ್ಲಿ ನಾನು ನೋಡಿದ್ದು ಹೀಗಿರಲಿಲ್ಲ. ಪಕ್ಕಪಕ್ಕದ ಎರಡರಲ್ಲಿ ಒಂದು ಹೊಳೆಯುತ್ತಿತ್ತು, ಇನ್ನೊಂದು ಕತ್ತಲೆ. ಸುಮ್ನೆ ಡಿಫರೆನ್ಷಿಯಲ್ ಈಕ್ವೇಶನ್ನಿಗೇ ವಾಪಸ್ ಹೋಗಲಾ?

ಲ್ಯಾಬ್ ಗೂಬೆ:
ಬೇಡ, ಅಲ್ಲಿಗೆ ಹೋದರೆ ಆ ಕತ್ತಲೆ ಕೋಶ ನಿಮಗೆ ಇನ್ನೂ ಸಿಗುವುದಿಲ್ಲ. ಇ. ಕೋಲೈ ಕೋಶದ ಗಾತ್ರ ಸುಮಾರು 1 ಫೆಮ್ಟೋಲೀಟರ್. ಲ್ಯಾಕ್ ರಿಪ್ರೆಸರ್ ಅನ್ನುವ, ಜೀನ್ ತಡೆಯುವ ಪ್ರೋಟೀನು ಇಡೀ ಕೋಶಕ್ಕೆ ಸುಮಾರು ಹತ್ತು ಅಣು ಇರುತ್ತದೆ, ಅಷ್ಟೇ. ಈಕ್ವೇಶನ್ನಿಗೆ 0.3 ಅಣು ಅಂದರೂ ಬೇಜಾರಿಲ್ಲ, ಕೋಶಕ್ಕೆ ಅಂಥದ್ದು ಗೊತ್ತೇ ಇಲ್ಲ.

ಸಮಸ್ಯೆ ಇರುವುದು 'ಎಲ್ಲವನ್ನೂ ಓಡಿಸು' ಅನ್ನುವಲ್ಲಿ. 1998ರಲ್ಲಿ ಗೆಯೊರ್ಗೆ ಪೌನ್ ಈ ಮಾದರಿ ಕೊಟ್ಟಾಗ ಕೇಳಿದ್ದು, ಕೋಶದ ಹಾಗೆ ಕಟ್ಟಿದ ಯಂತ್ರ ಏನೆಲ್ಲ ಲೆಕ್ಕ ಮಾಡಬಲ್ಲದು ಅಂತ. ಕೋಶ ಹೇಗೆ ನಡೆಯುತ್ತದೆ ಅನ್ನುವುದು ಬೇರೆ ಪ್ರಶ್ನೆ. ನೀವು ಸೀಟಿ ಊದಿದ ಕೂಡಲೇ ಅಣುಗಳೆಲ್ಲ ಡ್ರಿಲ್ ಮಾಡುತ್ತಿವೆ. ಅಪರೂಪದ ಕ್ರಿಯೆಗೂ ಸದಾ ನಡೆಯುವ ಕ್ರಿಯೆಗೂ ಒಂದೇ ಸರದಿ. ಪ್ರತಿ ನಿಯಮಕ್ಕೂ ಒಂದು ವೇಗ ಕೊಡಿ, ಗಿಲೆಸ್ಪಿ 1977ರಲ್ಲಿ ವಿವರಿಸಿದ ವಿಧಾನ ಹಾಕಿ. ಎರಡು ರ‍್ಯಾಂಡಮ್ ಸಂಖ್ಯೆ ಸಾಕು: ಮುಂದಿನ ಕ್ರಿಯೆ ಎಷ್ಟು ಹೊತ್ತಿಗೆ, ಅದು ಯಾವುದು.

ಅರೆಬೆಂದ ಕೋಡರ್:
ಹಾಕಿದೆ. ಈಗ ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ, ಖುಷಿಯಾಯಿತು. ಆದರೆ 23ನೇ ಕೋಶದಲ್ಲಿ ಜೋಡಿಗಳ ಸಂಖ್ಯೆ −1 ಅಂತ ಬಂತು. ರಾತ್ರಿ ಎರಡು ಗಂಟೆಗೆ ಅದನ್ನು ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಲ್ಯಾಬ್ ಗೂಬೆ:
ಹಾಹಾ, ನಾನೂ ಈ ಗುಂಡಿಗೆ ಬಿದ್ದಿದ್ದೇನೆ. ಒಂದೇ ಜಾತಿಯ ಎರಡು ಕೂಡುವ ನಿಯಮದ ವೇಗಕ್ಕೆ ಎನ್ × ಎನ್ (ಎನ್ ಅಂದರೆ ಆಗ ಇರುವ ಸಂಖ್ಯೆ) ಹಾಕಿದ್ದೀರಿ ಅಲ್ವಾ? ಒಂದೇ ಒಂದು ಉಳಿದಾಗಲೂ ಅದು 1 ಕೊಡುತ್ತದೆ. ನಿಯಮ ಓಡುತ್ತದೆ, 1ರಲ್ಲಿ 2 ಕಳೆಯುತ್ತದೆ. ಬೇಕಾದದ್ದು ಎನ್ × (ಎನ್ − 1) ÷ 2. ಒಂದೇ ಇದ್ದರೆ ಸೊನ್ನೆ, ಜೊತೆಗಾರ ಇಲ್ಲ ಅಂತ.

ಇನ್ನೊಂದು ಕೇಳಲೇಬೇಕು. ಎಎಚ್‌ಎಲ್ ಹೊರಗೆ ಹೋಗುವುದಕ್ಕೂ ಒಳಗೆ ಬರುವುದಕ್ಕೂ ಒಂದೇ ವೇಗ ಇಟ್ಟಿದ್ದೀರಾ? ಹಾಗಿದ್ದರೆ ಒಂದು ಕೋಶದೊಳಗೂ ಇಡೀ ಪರಿಸರದಲ್ಲೂ ಸಮಸಮ ಅಣು ನಿಲ್ಲುತ್ತವೆ. ಹನಿಗೂ ಕಡಲಿಗೂ ಒಂದೇ ಲೆಕ್ಕ! ಒಳಬರುವ ವೇಗವನ್ನು ಕೋಶದ ಗಾತ್ರ ಭಾಗಿಸು ಪರಿಸರದ ಗಾತ್ರ, ಅದರಿಂದ ಗುಣಿಸಿ. ಇದಿಲ್ಲದಿದ್ದರೆ ದಟ್ಟಣೆ ಅನ್ನುವುದೇ ಮಾದರಿಯೊಳಗೆ ಇರುವುದಿಲ್ಲ. ಮತ್ತೆ ಕೋರಂ ಎಲ್ಲಿಂದ ಬರಬೇಕು?

ಹದ್ದಿನ ಕಣ್ಣು:
ಸ್ವಲ್ಪ ವಿಷಯಾಂತರ. ಸ್ಪೇನಿನಲ್ಲಿ ಪೈರಿನೀಸ್ ಬೆಟ್ಟದ ಗಡ್ಡದ ರಣಹದ್ದುಗಳ ಸಂಖ್ಯೆಗೂ ಪಿ ಸಿಸ್ಟಮ್ ಕಟ್ಟಿದ್ದಾರೆ. ಅಲ್ಲಿ ಅಣುವಿನ ಜಾಗದಲ್ಲಿ ಹಕ್ಕಿ, ಅದು ತಿನ್ನುವ ಮೂಳೆ. ನಿಯಮಗಳನ್ನು ಕೈಯಲ್ಲೇ ಕೋಡ್ ಮಾಡಿ ಬೇಜಾರಾದರೆ ಪಿ-ಲಿಂಗ್ವಾ ನೋಡಿ, ಪಿ ಸಿಸ್ಟಮ್ ಬರೆಯಲೆಂದೇ ಇರುವ ಭಾಷೆ.

ಅರೆಬೆಂದ ಕೋಡರ್:
ಒಂದೇ ವೇಗ ಇಟ್ಟಿದ್ದೆ, ಒಪ್ಪಿಕೊಂಡೆ. ಎರಡನ್ನೂ ಸರಿಮಾಡಿ ಪರಿಸರವನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದೆ. ಮೂರು ಕೋಶ ಹೊತ್ತಿಕೊಂಡವು. ಸ್ವಲ್ಪ ಹೊತ್ತಿಗೆ ಅವೂ ಆರಿದವು.